ಅಜ್ಜನೆದುರು ಚಾಚಿದ ಎಡಗೈ

ಇವತ್ತು ಅಣ್ಣನ ಮಗ ಗಂಜಿ ಹಾಕಿದ ಸ್ಕೌಟ್ ಸ್ಕಾರ್ಫ್ ಕಟ್ಟಿಕೊಂಡು ಬಂದು ನನ್ನೆದುರು ಎಡಗೈ ಚಾಚಿದ. ಆ ಗಂಜಿ ವಾಸನೆ ನನ್ನನ್ನು ಹುಮನಾಬಾದಿನ ನಮ್ಮ ಹಳೇ ಪಡಸಾಲೆಗೆ ಎಳೆದೊಯ್ದಿತು.

ಆಗ ನಾನೂ ಸ್ಕೌಟ್. ಬಸವಕಲ್ಯಾಣದ ಶಿಬಿರಕ್ಕೆ ಡೆನ್ಮಾರ್ಕಿನಿಂದ ಬಂದಿದ್ದ ಹುಡುಗನನ್ನು ಊಟಕ್ಕೆ ಮನೆಗೆ ಕರೆತಂದಿದ್ದೆ. ವಿಶ್ವಭ್ರಾತೃತ್ವದ ಹುಮನಾಬಾದ್ ಶಾಖೆಗೆ ನಾನೇ ಅಧ್ಯಕ್ಷನೆಂಬ ಗತ್ತು ಬೇರೆ. ಜಗತ್ತಿನ ಸ್ಕೌಟುಗಳೆಲ್ಲ ಎಡಗೈ ಕುಲುಕುತ್ತಾರೆ. ಅವನೂ ನಗುತ್ತ ಅಜ್ಜನಿಗೆ ಎಡಗೈಯನ್ನೇ ಚಾಚಿದ.

ಅಜ್ಜ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದ. "ಯಾಕಲೇ, ಎಡಗೈ ಕೊಡಾಕತ್ತಾನ?"

"ಅದು ಹೃದಯದ ಕಡಿ ಇರ್ತದ ಅಜ್ಜಾ," ಎಂದೆ, ಪರಮ ಗಂಭೀರವಾಗಿ.

"ಹೌದೇನು. ಮುಂಜಾನಿ ತಂಬಿಗಿ ಹಿಡಕೊಂಡು ಹೋದಾಗ ಆ ಕೈ ಎಲ್ಲಿತ್ತು, ಕೇಳು."

ಮನೆಮಂದಿಯೆಲ್ಲ ನಕ್ಕರು. ಅಜ್ಜ ಎದ್ದು ಒಳಗೆ ಹೋದ. ಹುಡುಗ ಗಾಳಿಯಲ್ಲೇ ಉಳಿದಿದ್ದ ಕೈಯನ್ನು ಹಿಂದೆ ತೆಗೆದು, ಅಂಗೈ ನೋಡಿಕೊಂಡು, ಚಡ್ಡಿಗೆ ಒರೆಸಿಕೊಂಡ. ಶಿಬಿರಕ್ಕೆ ಮರಳಿದ ಮೇಲೆ ನಾನು ಎಡಗೈ ಚಾಚಿದರೂ ಅವನು ಕೈ ಕೊಡಲಿಲ್ಲ.

ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಯಿತು. ಆದರೂ ಇವತ್ತು ನನ್ನ ಬಲಗೈಯೇ ತಾನಾಗಿ ಮುಂದೆ ಹೋಯಿತು. ಅಣ್ಣನ ಮಗ ಎಡಗೈ ಹಿಂದೆ ತೆಗೆದು, ಅಂಗೈ ನೋಡಿಕೊಂಡ.