ಮಠಕ್ಕೆ ಕೊಟ್ಟ ಮಗನ ಮಜ್ಜೆ

ಹಳೇಕೋಟೆಯ ನೀಲಾಂಬಿಕೆಗೆ ಮಕ್ಕಳೆಷ್ಟು ಎಂದು ಯಾರೇ ಕೇಳಲಿ, ‘ಒಬ್ಳೇ ಮಗಳು’ ಎನ್ನುತ್ತಿದ್ದಳು. ಸುಳ್ಳು ಹೇಳುವ ಹೆಂಗಸಲ್ಲ. ದೊಡ್ಡ ಮಗ ಶಶಿಕಿರಣನನ್ನು ಹರಕೆಯಂತೆ ಒಂಬತ್ತನೇ ವಯಸ್ಸಿಗೇ ಅರಕಲಗೂಡು ಸೀಮೆಯ ಒಂದು ಮಠಕ್ಕೆ ಮರಿಯಾಗಿ ಬಿಟ್ಟಿದ್ದಳು. ಮರಿ ಎಂದರೆ ಮುಂದೆ ಪೀಠಕ್ಕೆ ಕೂರುವವರು. ಮಠಕ್ಕೆ ಕೊಟ್ಟ ಮೇಲೆ ಅವನು ಮಗನಲ್ಲ, ಸ್ವಾಮಿಗಳನ್ನು ಕರೆಯುವ ಹಾಗೆ ‘ಬುದ್ಧಿ’. ವರ್ಷಕ್ಕೊಮ್ಮೆ ಹೋಗಿ ಹೆತ್ತ ತಾಯಿಯೇ ಅವನ ಕಾಲಿಗೆ ಬಿದ್ದು ಬರುತ್ತಿದ್ದಳು.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಮಗಳು ಸೌಜನ್ಯಳ ವಸಡಿನಿಂದ ರಕ್ತ ಒಸರುವುದು ನಿಲ್ಲಲೇ ಇಲ್ಲ. ಹದಿನಾರರ ಹುಡುಗಿ, ಮುಟ್ಟಿದಲ್ಲೆಲ್ಲ ಮೈ ನೀಲಿಗಟ್ಟುತ್ತಿತ್ತು. ಹಾಸನದವರು ಬೆಂಗಳೂರಿಗೆ ಕಳಿಸಿದರು. ಗಂಡ ನಂಜಯ್ಯನಿಗೆ ದಿನಸಿ ಅಂಗಡಿ ಬಿಟ್ಟರೆ ಲೋಕ ತಿಳಿಯದು. ಹಾಗಾಗಿ ಊರಿನ ಮೇಷ್ಟ್ರಾದ ನಾನೂ ಜೊತೆಗೆ ಹೋದೆ.

“ರಕ್ತ ಹುಟ್ಟಿಸೋ ಸ್ಟೆಮ್ ಸೆಲ್‌ಗಳೇ ನಾಶ ಆಗಿವೆ. ಸಸಿ ಬೆಳೆಸೋ ಒಟ್ಲು ಪಾತಿನೇ ಒಣಗಿದ್ರೆ ನಾಟಿಗೆ ಪೈರು ಎಲ್ಲಿಂದ ತರ್ತೀರಿ? ಬೇರೆಯವರ ಮೂಳೆಮಜ್ಜೆಯಿಂದ ತೆಗೆದು ಕೊಡ್ಬೇಕು. ಒಡಹುಟ್ಟಿದವರದ್ದು ಹೊಂದಬಹುದು. ಎಷ್ಟು ಜನ ಇದಾರೆ?” ಎಂದರು ಡಾಕ್ಟರು.

“ಯಾರೂ ಇಲ್ಲ ಸಾ. ಒಬ್ಳೇಯ” ಎಂದಳು ನೀಲಾಂಬಿಕೆ.

ನಾನೂ ಹೌದೆಂದು ತಲೆಯಾಡಿಸಿದೆ! ಹಾಜರಿ ಕರೆಯುವಾಗ ಆ ಇಬ್ಬರ ಹೆಸರನ್ನೂ ಕೂಗಿದ ನಾಲಿಗೆ ಇದು. ನನ್ನ ಓದಿಗಿಷ್ಟು ಬೆಂಕಿ ಹಾಕ. ಅಪ್ಪ ಅಮ್ಮನ ರಕ್ತ ಪರೀಕ್ಷಿಸಿದರು, ಹೊಂದಲಿಲ್ಲ. ಅವರಿವರ ರಕ್ತ ಏರಿಸುತ್ತಲೇ ಐದು ವಾರ ಕಳೆಯಿತು. ಒಮ್ಮೆ ಜ್ವರ ಬಂದು ಹುಡುಗಿ ಸಾವಿನ ಬಾಗಿಲು ತಟ್ಟಿ ಬಂದಳು. “ಇನ್ನೊಂದು ಸೋಂಕು ಬಂದ್ರೆ ನಮ್ಮ ಕೈಲಿಲ್ಲ. ಒಬ್ಬ ಅಣ್ಣನಾದ್ರೂ ಇದ್ದಿದ್ರೆ...” ಎಂದು ಡಾಕ್ಟರು ಉಸಿರುಬಿಟ್ಟಾಗಲೇ ನನಗೆ ಕಪಾಳಕ್ಕೆ ಬಾರಿಸಿದ ಹಾಗಾಯಿತು. ನೀಲಾಂಬಿಕೆಯ ಕಡೆ ತಿರುಗಿದೆ. ಅವಳ ಮುಖ ಬಿಳಿಚಿತ್ತು.

ಮರುದಿನವೇ ಮಠಕ್ಕೆ ಹೋದೆವು. ಪೀಠದ ದೊಡ್ಡ ಬುದ್ಧಿಯವರು ಎಲ್ಲ ಕೇಳಿದ ಮೇಲೆ ಮರಿಯನ್ನು ಒಳಗೆ ಕರೆಸಿದರು. ಕಾವಿ ಉಟ್ಟ ಇಪ್ಪತ್ತರ ಮರಿ ಬಂದು ಪಕ್ಕದಲ್ಲಿ ತಲೆ ತಗ್ಗಿಸಿ ಕೂತರು.

“ಮೂಳೆ ಚುಚ್ಚಿ ಒಳಗಿಂದು ತೆಗೆದ್ರೆ ಅಂಗ ಊನ ಆದಂಗೆ ಕಣವ್ವ. ಊನ ಆದವರನ್ನ ಈ ಪೀಠಕ್ಕೆ ಕೂರಿಸೋ ಪದ್ಧತಿ ಇಲ್ಲ. ಬರೋ ತಿಂಗಳು ಇವರ ಪಟ್ಟ ಅದೆ” ಎಂದರು ದೊಡ್ಡವರು.

“ತೆಗೆದ ಮಜ್ಜೆ ಕೆಲವೇ ವಾರದಲ್ಲಿ ಮತ್ತೆ ಬೆಳೀತದೆ ಬುದ್ಧಿ” ಎಂದೆ ನಾನು.

“ಬೆಳೀದಿದ್ರೆ ನೀವು ಬಂದು ಕೂತ್ಕತೀರಾ ಮೇಷ್ಟ್ರೇ?”

ನನಗೆ ರೇಗಿ ನಾಲಿಗೆ ತುದಿಯವರೆಗೂ ಮಾತು ಬಂದಿತ್ತು. ಅಷ್ಟರಲ್ಲಿ ನೆಲಕ್ಕೆ ಹಣೆ ಹಚ್ಚಿದ್ದ ನೀಲಾಂಬಿಕೆ ಬಾಯಿಬಿಟ್ಟಳು. “ಕೊಟ್ಟಿದ್ದ ವಾಪಸ್ ಕೇಳಕ್ ಬಂದಿಲ್ಲ ಬುದ್ಧಿ. ಮಗು ಸತ್ತೋಯ್ತದೆ, ಅದಕ್ಕೆ ಬಂದೆ.”

“ಯಾರಿಗೆ ಕಾಯಿಲೆ?” ಮರಿ ತಟ್ಟನೆ ತಲೆಯೆತ್ತಿದರು. ಪೂರ್ವಾಶ್ರಮದ ಸುದ್ದಿಯೆಂದು ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

ನಿಮ್ಮ ತಂಗಿಗೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. “ನಮ್ಮನೆ ಮಗೀಗೆ” ಎಂದಳು.

“ಸೌಜಿಗಾ?”

ಆ ಹೆಸರು ಕೇಳಿ ನಂಜಯ್ಯ ಕಂಬ ಹಿಡಿದುಕೊಂಡು ಅಳತೊಡಗಿದ. ಮರಿ ಎದ್ದು ದೊಡ್ಡವರ ಪಾದ ಮುಟ್ಟಿದರು. “ಪೀಠಕ್ಕೆ ಬೇರೆಯವರನ್ನ ನೋಡ್ಕೊಳ್ಳಿ ಬುದ್ಧಿ” ಎಂದವರೇ ನಮಗಿಂತ ಮುಂಚೆ ಹೊರಗೆ ನಡೆದರು. ಅವರ ಮಜ್ಜೆ ಹೊಂದುವುದೋ ಇಲ್ಲವೋ ಆಗ ಯಾರಿಗೂ ಗೊತ್ತಿರಲಿಲ್ಲ. ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು ಅಷ್ಟೇ ಎಂದಿದ್ದರು ಡಾಕ್ಟರು. ವರದಿ ಬರುವವರೆಗೆ ನೀಲಾಂಬಿಕೆ ಅನ್ನ ಮುಟ್ಟಲಿಲ್ಲ.

ಹೊಂದಿತು. ಸೌಜನ್ಯಳಿಗೆ ಕಟು ಔಷಧಿ ಕೊಟ್ಟು, ಅಳಿದುಳಿದ ಮಜ್ಜೆಯನ್ನೂ ನಾಶಮಾಡಿ, ಗಾಜಿನ ಕೋಣೆಯಲ್ಲಿ ಮಲಗಿಸಿದರು. ಇನ್ನು ಹಿಂದೆ ಸರಿಯುವಂತಿಲ್ಲ. ಅಣ್ಣನ ಸೊಂಟದ ಮೂಳೆಯಿಂದ ತೆಗೆದದ್ದು ರಕ್ತದ ಹಾಗೆಯೇ ಒಂದು ಚೀಲದಲ್ಲಿ ಬಂತು, ತಂಗಿಯ ನರಕ್ಕೆ ಹನಿಹನಿಯಾಗಿ ಇಳಿಯಿತು. ಅದು ಬೇರು ಬಿಟ್ಟದ್ದು ಖಾತ್ರಿಯಾಗಲು ಹತ್ತೊಂಬತ್ತು ದಿನ ಬೇಕಾಯಿತು. ಆ ಹತ್ತೊಂಬತ್ತು ದಿನದ ಭಯ ಶತ್ರುವಿಗೂ ಬೇಡ. ಹುಡುಗಿ ಬದುಕಿದಳು, ಈಗ ಚನ್ನರಾಯಪಟ್ಟಣದಲ್ಲಿ ಟೀಚರು. ಪೀಠಕ್ಕೆ ಬೇರೆ ಮರಿ ಬಂದರು.

ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಮಜ್ಜೆ ತೆಗೆದ ದಿನದ ಮಧ್ಯಾಹ್ನ. ನರ್ಸು ಬಾಗಿಲಿಗೆ ಬಂದು, “ಮಜ್ಜೆ ಕೊಟ್ಟವರಿಗೆ ಎಚ್ಚರ ಆಗ್ತಿದೆ, ಅವ್ವ ಅವ್ವ ಅಂತಿದಾರೆ. ಅವರ ತಾಯಿ ಯಾರು?” ಎಂದಳು. ನೀಲಾಂಬಿಕೆ ಕೂತಲ್ಲೇ ಕೂತು ನನ್ನ ಮುಖ ನೋಡಿದಳು. “ಏಳಮ್ಮ!” ಎಂದು ಗದರಿದೆ.

ಒಳಗೆ ಹೋದವಳು ಮೊದಲು ಅವರ ಕಾಲಿನ ಕಡೆಗೇ ಬಾಗಿದಳು. ಹನ್ನೊಂದು ವರ್ಷದ ರೂಢಿ. ಅಷ್ಟರಲ್ಲಿ ಕಣ್ಣು ಮುಚ್ಚಿಕೊಂಡೇ ಅವರು ಇನ್ನೊಮ್ಮೆ “ಅವ್ವಾ” ಎಂದರು. ಅವಳು ನೆಟ್ಟಗೆ ನಿಂತು, ತಲೆಯ ಕಡೆ ಹೋಗಿ, ಹಣೆಯ ಮೇಲೆ ಕೈಯಿಟ್ಟಳು.

“ಇಲ್ಲೇ ಇವ್ನಿ ಕಣ್ಲಾ, ಮಗಾ.”