ಹಂಡೆಯಲ್ಲಿ ಕುದಿಸಿದ ಸೀಸೆಗಳು

ಆ ಸೀಸೆಗಳನ್ನು ಕುದಿಸಿದವಳು ನಾನು, ಖಾದರ್. ನಿನ್ನಲ್ಲಿ ಮೋಸವಿರಲಿಲ್ಲ.

ಯುದ್ಧದ ಕಾಲ. ನೀನು ಮದ್ದೂರಿನಲ್ಲಿ ಲಾರಿ ಓಡಿಸುತ್ತಿದ್ದೆ. ನನ್ನ ಮೈದುನ ಶಿವಣ್ಣನ ಜೀವದ ಗೆಳೆಯ. ಅವನು ಕೇಳಿದನೆಂದು ನೀನು ಕರಾವಳಿಯ ಹಿನ್ನೀರಿಗಿಳಿದು, ಅಲ್ಲಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡದ ಉಪ್ಪುನೀರನ್ನು ಸೀಸೆಗಳಲ್ಲಿ ತುಂಬಿ ತಂದುಕೊಟ್ಟೆ. ಅದರಲ್ಲಿ ನಾರನ್ನು ತಿಂದು ಕರಗಿಸುವ, ಕಣ್ಣಿಗೆ ಕಾಣದ ಜೀವಿಗಳಿವೆ, ಕಬ್ಬಿನ ತರಗನ್ನು ಅವಕ್ಕೆ ತಿನ್ನಿಸಿದರೆ ಬೇಗ ಗೊಬ್ಬರವಾದೀತು — ಇದು ಅವನ ಹುಚ್ಚು. ಪರೀಕ್ಷೆಗೆಂದು ಒಳಗೆ ಹತ್ತಿ ಬಟ್ಟೆಯ ಚೂರು ಇಳಿಬಿಟ್ಟಿದ್ದ. ಆ ಚೂರು ನನ್ನ ಹಳೆಯ ಸೀರೆಯದು. ನಾನಾಗ ಬಸುರಿ, ಮೊದಲಿನದು ನಿಂತಿರಲಿಲ್ಲ.

ಬಟ್ಟೆ ಲೋಳೆಯಾಗಿ ಎಳೆ ಬಿಡತೊಡಗಿತು. ಅತ್ತೆ ಕಿವಿಯಲ್ಲಿ ಹೇಳಿದರು: “ಬಸ್ರಿ ಸೀರೆ ಸೀಸೇಲಿ ಕರಗ್ತಾ ಅದೆ ಕಣಮ್ಮಿ. ಆ ನೀರ ತಂದೋನು ಯಾರು, ಯೋಸ್ನೆ ಮಾಡು.”

ಮಾಡಿದೆ. ಮಾಟವೇ ಇರಬೇಕೆನ್ನಿಸಿತು. ನೀನು ನಮ್ಮ ಜಗಲಿಯಲ್ಲಿ ಕೂತು ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ. ಚೆಲ್ಲಿದರೆ ಗೊತ್ತಾಗುತ್ತದೆ — ಅದಕ್ಕೇ ಪಾತ್ರೆಯ ಮೈಲಿಗೆ ಕಳೆಯುವ ಹಾಗೆ, ಸೀಸೆಗಳನ್ನು ಕತ್ತಿನವರೆಗೆ ಹಂಡೆಯ ನೀರಿನಲ್ಲಿ ನಿಲ್ಲಿಸಿ, ದೇವರ ಹೆಸರು ಹೇಳುತ್ತಾ ಉರಿ ಹಾಕಿದೆ. ಆರಿದ ಮೇಲೆ ಒರೆಸಿ, ಜಗಲಿಯ ಗೂಡಿನಲ್ಲಿ ಮೊದಲಿದ್ದಂತೆಯೇ ಇಟ್ಟೆ.

ಬಟ್ಟೆ ಕರಗುವುದು ನಿಂತಿತು. ಹೊಸ ಚೂರು ಹಾಕಿದರೂ ಹಾಗೇ ಉಳಿಯಿತು. ಶಿವಣ್ಣ ನಿನ್ನನ್ನು ಹಿಡಿದುಕೊಂಡ. “ಅಸ್ಲಿ ನೀರ ಯಾರಿಗ್ಲಾ ಮಾರ್ಕಂಡೆ? ಗೂಡಿಗೆ ಕೈ ಹಾಕೋನು ನೀನೊಬ್ನೇ!”

“ಉಪ್ಪು ಅದೋ ಇಲ್ವೋ, ನೆಕ್ಕಿ ನೋಡ್ಲಾ!”

“ಕೆರೆ ನೀರಿಗೆ ಉಪ್ಪಾಕಕ್ಕೆ ಓದ್ಕಂಡಿರ್ಬೇಕೇನ್ಲಾ? ಕುದಿಸಿದ್ರೆ ಮಾತ್ರ ಅವು ಹಿಂಗೆ ಸಾಯೋದು. ನಮ್ಮನೇಲಿ ಯಾರು ಕುದಿಸ್ತಾರೆ?”

ನಾನು ಬಾಗಿಲ ಹಿಂದೆ ನಿಂತಿದ್ದೆ. ಅವು ಸತ್ತದ್ದು ನಾನು ಕುದಿಸಿದ್ದಕ್ಕೇ ಎಂದು ಆ ಕ್ಷಣಕ್ಕೆ ತಿಳಿಯಿತು — ಆದರೂ ಹೊರಗೆ ಬರಲಿಲ್ಲ.

“ಬುಡು,” ಅಂದೆ ನೀನು. “ಇನ್ ಈ ಜಗಲಿ ಅತ್ತಾಕಿಲ್ಲ.”

ಹತ್ತಲಿಲ್ಲ. ಶಿವಣ್ಣನೂ ಆ ಕೆಲಸ ಬಿಟ್ಟ.

ಮಗಳು ಸುಖವಾಗಿ ಹುಟ್ಟಿದಳು. ಎದೆಹಾಲು ಬತ್ತಲಿಲ್ಲ, ಸಿಡುಬು ಬಂದರೂ ಕಣ್ಣು ಉಳಿಯಿತು — ಒಂದೊಂದನ್ನೂ ದೇವರ ದಯೆಯೆಂದು ಎಣಿಸಿದೆ. ನಾನು ಕುದಿಸಿದ್ದು ಸರಿಯೆಂಬುದಕ್ಕೆ ಅವನ್ನೇ ಸಾಕ್ಷಿ ಮಾಡಿಕೊಂಡೆ. ದೇವರನ್ನು ಸುಳ್ಳುಸಾಕ್ಷಿಗೆ ಎಳೆದೆ.

ನಿನ್ನೆ ಶಿವಣ್ಣನಿಗೆ ಹೇಳಿದೆ. ಉಣ್ಣುತ್ತಿದ್ದವನು ಎದ್ದು ಹೊರಗೆ ಹೋದ. ಅವನು ನಿನ್ನ ಬಳಿ ಬರುತ್ತಾನೋ ಇಲ್ಲವೋ. ನಾನು ಶುಕ್ರವಾರದ ಬಸ್ಸಿಗೆ ಮದ್ದೂರಿಗೆ ಬರುತ್ತೇನೆ. ನೀನು ಒಳಗೆ ಕರೆಯಬೇಕೆಂದಿಲ್ಲ. ನಿನ್ನ ಹೆಂಡತಿ ಮಕ್ಕಳ ಎದುರಿಗೆ, ಬೀದಿಯಲ್ಲೇ ನಿಂತು ಹೇಳುತ್ತೇನೆ.