ಅಂಚಿಗೆ ಕಟ್ಟದೆ ಉಳಿದ ಕೆಂಪು ನೂಲು

ಮಾನ್ಯ ಓದುಗರ ಸನ್ನಿಧಾನಕ್ಕೆ,

ತಮಿಳು ಸೀಮೆಯ ತುಡಿಯಲೂರಿನ ಆಚೆ ಮನೆಯಲ್ಲೇ ಮಗ್ಗ ಇಟ್ಟುಕೊಂಡಿರುವ ಹೆಂಗಸೊಬ್ಬಳ ಅರಿಕೆ. ಮೊದಲಿಗೆ ನನ್ನ ಕಾಗುಣಿತಕ್ಕೂ ಕೈಬರಹಕ್ಕೂ ಕ್ಷಮೆ ಕೋರುತ್ತೇನೆ. ಕನ್ನಡ ನಮ್ಮ ಮನೆಯ ಮಾತೇ ಹೊರತು ನಾನು ಓದಿದ ಶಾಲೆಯ ಮಾತಲ್ಲ. ಅಕ್ಷರಗಳನ್ನು ಮದುವೆಯಾದ ಮೇಲೆ, ಮೈಸೂರು ಕಡೆಯಿಂದ ಬಂದು ಪಕ್ಕದಲ್ಲಿ ಬಾಡಿಗೆಗಿದ್ದ ಅಕ್ಕನವರು ಕಲಿಸಿದರು. ಅವರ ಬಳಿ ಇದ್ದ ಒಂದೇ ಪುಸ್ತಕ ಅರ್ಜಿ, ಮನವಿಗಳ ಮಾದರಿಯದು. ಆದಕಾರಣ ಬೇರೆ ರೀತಿಯಲ್ಲಿ ಬರೆಯಲು ನನಗೆ ಧೈರ್ಯ ಸಾಲದು.

ವಿಷಯ: ಸೂಲೂರಿನ ಅಣ್ಣನವರ ಉತ್ತರಗಳು ಮತ್ತು ಅವುಗಳಲ್ಲಿ ಒಂದರ ಕೆಳಗೆ ನಾನು ಬರೆದ ಸುಳ್ಳು.

ನಮ್ಮ ಸೀರೆ ಮಗ್ಗದ ಮೇಲೆ ಈಗ ವಿನ್ಯಾಸಕ್ಕೆ ತೂತು ಕೊರೆದ ರಟ್ಟಿನ ಅಟ್ಟೆಗಳಿಲ್ಲ, ಕರೆಂಟಿನ ಪೆಟ್ಟಿಗೆ ಇದೆ. ಸೆರಗಿನ ಹೂವು, ಅಂಚಿನ ಗೋಪುರ ಎಲ್ಲವೂ ಅದರ ಹೊಟ್ಟೆಯೊಳಗಿನ ಬೋರ್ಡಿನಿಂದಲೇ ಬರಬೇಕು. ಅದು ಕೆಟ್ಟರೆ ಮಗ್ಗ ಕಟ್ಟಿಗೆ. ಇಂತಹ ಪೆಟ್ಟಿಗೆಗಳನ್ನು ರಿಪೇರಿ ಮಾಡುವವರಿಗಾಗಿ ಫೋನಿನಲ್ಲಿ ಒಂದು ತಮಿಳು ವೇದಿಕೆ ಇದೆ. ಅಲ್ಲಿ ಪ್ರಶ್ನೆ ಹಾಕಿದವರಿಗೆಲ್ಲ ಉತ್ತರ ಕೊಡುತ್ತಿದ್ದವರು ಅಣ್ಣನವರು, ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದವರು. ಅವರ ಉತ್ತರಗಳು ಎಷ್ಟೆಂದು ಎಣಿಸಲು ನನ್ನಿಂದ ಆಗಿಲ್ಲ. ಬೆರಳಿನಿಂದ ಸರಿಸುತ್ತಾ ಹೋದರೆ ಬೆರಳು ನೋಯುತ್ತದೆಯೇ ಹೊರತು ಅವು ಮುಗಿಯುವುದಿಲ್ಲ. ಒಂದೇ ಪ್ರಶ್ನೆ ಇಪ್ಪತ್ತನೆಯ ಸಲ ಬಂದರೂ ‘ಹಿಂದೆಯೇ ಹೇಳಿದ್ದೇನಲ್ಲ’ ಎಂದು ಅವರು ಬರೆದದ್ದನ್ನು ನಾನು ಕಂಡಿಲ್ಲ. ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ತಂತಿಗಳ ದಾರಿ ಬರೆದು ಫೋಟೋ ಹಾಕುತ್ತಿದ್ದರು. ಫೋಟೋದ ಮೂಲೆಯಲ್ಲಿ ಅರ್ಧ ತಿಂದ ಇಡ್ಲಿ ಇರುತ್ತಿತ್ತು. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು, ಮದುವೆಯ ಪಂತಿಯಲ್ಲಿ ಕುಳಿತು ಬರೆದ ಉತ್ತರಗಳೂ ಇವೆ. ಪ್ರತಿಯೊಂದರ ಕೊನೆಗೂ ಒಂದೇ ಸಾಲು: ‘ತಪ್ಪಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ಮುಂದೆ ಬರುವವರಿಗೆ ಬೇಕು.’

ನನ್ನ ಯಜಮಾನರು ಕೇಳುತ್ತಿದ್ದರು, “ನಿನ್ನಣ್ಣ ಊಟ ಮಾಡ್ತಾರಾ, ಇಲ್ಲ ಪ್ರಶ್ನೆನೇ ತಿಂತಾರಾ?”

ಕಳೆದ ವರ್ಷ ನಮ್ಮ ಪೆಟ್ಟಿಗೆಗೆ ಹೊಸ ಬೋರ್ಡು ಹಾಕಬೇಕಾಯಿತು. ಒಂದೇ ಆಕಾರದ ಎರಡು ಸಾಕೆಟ್ಟುಗಳು, ಒಂದರ ಮೇಲೆ ಒಂದು. ಕರೆಂಟಿನ ತಂತಿ ಯಾವುದಕ್ಕೆಂದು ತಿಳಿಯದೆ ವೇದಿಕೆಯಲ್ಲಿ ಕೇಳಿದೆ. ‘ಮೇಲಿನದಕ್ಕೆ’ ಎಂದು ಅಣ್ಣನವರು ಚಿತ್ರಸಹಿತ ಬರೆದರು. ನನ್ನ ಗಾಬರಿ ಕಂಡು ಫೋನೂ ಮಾಡಿದರು. ನಾನು ತಮಿಳಿನಲ್ಲಿ ಮಾತನಾಡುತ್ತಲೇ ತಂತಿ ಸಿಕ್ಕಿಸಿದೆ. ಪಟ್ ಎಂದಿತು.

“ಅಯ್ಯೋ, ಹೊಗೆ ಬರ್ತದೆ ನೋಡಿ!” ಎಂದು ಯಜಮಾನರನ್ನು ಕೂಗಿಕೊಂಡೆ.

ಆ ಕಡೆಯಿಂದ ನಗು ಕೇಳಿಸಿತು. “ಅಡ, ನಮ್ಮ ಮಾತಾ ಅಮ್ಮಣಿ ನೀನು? ಹಾಗಾದ್ರೆ ನಿನ್ನನ್ನ ಕನ್ನಡದಲ್ಲೇ ಬೈಬಹುದು. ಮೊದ್ಲು ಸ್ವಿಚ್ ಆಫ್ ಮಾಡು. ಆನ್ ಇಟ್ಕೊಂಡೇ ಸಿಕ್ಕಿಸಿದ್ಯಲ್ಲ, ಫ್ಯೂಸ್ ಹೋಗಿರ್ತದೆ, ಅಷ್ಟೇ. ಹೊಸದು ಹಾಕಿ ನಿಧಾನಕ್ಕೆ ನೋಡು.”

ಫ್ಯೂಸ್ ಬದಲಾಯಿಸಿ, ಈ ಸಲ ನನ್ನದೇ ಊಹೆಯಿಂದ ಕೆಳಗಿನ ಸಾಕೆಟ್ಟಿಗೆ ಹಾಕಿದೆ. ಮಗ್ಗ ಓಡಿತು. ಅವರ ಕೈಗೆ ಬಂದಿದ್ದವೆಲ್ಲ ಹಳೆಯ ಬೋರ್ಡುಗಳು, ನನ್ನದು ಹೊಸ ಮಾದರಿ. ಅದರಲ್ಲಿ ಮೇಲಿನದು ಕೆಳಗಾಗಿತ್ತು. ಸಂಜೆಗೆ ಅವರು, ‘ಓಡ್ತಾ ಅಮ್ಮಣಿ?’ ಎಂದು ಕೇಳಿದರು. ಅಷ್ಟು ಜನರ ಎದುರಿಗೆ, ತಂದೆಯ ವಯಸ್ಸಿನವರಿಗೆ, ‘ನಿಮ್ಮದು ತಪ್ಪು’ ಎಂದು ಹೇಗೆ ಬರೆಯಲಿ? ‘ಓಡಿತಣ್ಣಾ, ನೀವು ಹೇಳಿದಂತೆಯೇ’ ಎಂದು ಬರೆದೆ. ಕೂಡಲೇ ಅವರ ಉತ್ತರದ ಪಕ್ಕದಲ್ಲಿ, ಇದು ಸರಿಯಾದುದು ಎಂದು ಪ್ರಶ್ನೆ ಕೇಳಿದವರೇ ಹಾಕುವ ಹಸಿರು ಗುರುತನ್ನೂ ಹಾಕಿದೆ.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿಯನ್ನು ನಿವೇದಿಸಿಕೊಳ್ಳಬೇಕು. ನೇಯುವಾಗ ತಪ್ಪು ಬಿದ್ದು ಬಿಚ್ಚಲಾಗದಷ್ಟು ಮುಂದೆ ಹೋಗಿದ್ದರೆ, ಆ ಸಾಲಿನ ಅಂಚಿಗೆ ಒಂದು ತುಂಡು ಕೆಂಪು ನೂಲು ಕಟ್ಟುತ್ತೇವೆ. ಸೀರೆ ಮಡಚುವವರು ನೋಡಿಕೊಳ್ಳಲಿ ಎಂದು. ತಪ್ಪಿಗೆ ನಮ್ಮಪ್ಪ ಬೈಯುತ್ತಿರಲಿಲ್ಲ. ನೂಲು ಕಟ್ಟದೆ ಸುತ್ತಿಟ್ಟರೆ ಎರಡು ದಿನ ಮಾತು ಬಿಡುತ್ತಿದ್ದರು. ಅಂತಹವರ ಮಗಳಾದ ನಾನು ಆ ದಿನ ಕಟ್ಟಲಿಲ್ಲ.

ಕೆಲವು ತಿಂಗಳು ಕಳೆದವು. ತಿರುಪ್ಪೂರು ಜಿಲ್ಲೆಯ ಪಲ್ಲಡದಿಂದ ಒಬ್ಬರು, ಸುಟ್ಟು ಕಪ್ಪಾದ ಬೋರ್ಡಿನ ಫೋಟೋ ಹಾಕಿ, ‘ಹಸಿರು ಗುರುತು ನಂಬಿ ಮೇಲಿನದಕ್ಕೆ ಹಾಕಿದೆ’ ಎಂದು ಬರೆದರು. ಅಣ್ಣನವರು ಆಗಲೇ ನನಗೆ ಫೋನ್ ಮಾಡಿದರು.

“ಅಮ್ಮಣಿ, ನೀನು ಮೇಲಿನದಕ್ಕೇ ತಾನೇ ಹಾಕಿದ್ದು?”

ನನ್ನ ಬಾಯಿಂದ “ಹೌದಣ್ಣಾ” ಎಂದೇ ಬಂದಿತು.

“ಹಾಗಾದ್ರೆ ಆ ತಮ್ಮನ ಕೈಯಲ್ಲೇ ಏನೋ ಆಗಿದೆ. ಇರ್ಲಿ, ಬೈಯೋದು ಬೇಡ. ನಾನೇ ಒಂದ್ ನಡೆ ಪಲ್ಲಡಕ್ಕೆ ಹೋಗಿ ನೋಡ್ತೀನಿ.”

ಅವರಿಗೆ ಹೋಗಲಾಗಲಿಲ್ಲ. ಅದೇ ವಾರ ಎದೆನೋವಿನಿಂದ ತೀರಿಕೊಂಡರೆಂದು ವೇದಿಕೆಯಲ್ಲಿ ಯಾರೋ ತಿಳಿಸಿದರು. ಆ ಸುದ್ದಿಯ ಕೆಳಗೆ ಸಾಲುಸಾಲಾಗಿ ನಮಸ್ಕಾರಗಳು ಬಿದ್ದವು. ನಾನೂ ಒಂದು ಹಾಕಿದೆ. ಆದರೆ ಅವರ ಹೆಸರಿನ ಪಕ್ಕದ ಹಸಿರು ಚುಕ್ಕೆ, ಅವರು ಅಲ್ಲಿದ್ದಾರೆಂದು ತೋರಿಸುವ ಚುಕ್ಕೆ, ಆರಲಿಲ್ಲ. ಮಗ್ಗದ ಹಾಸು ನೂಲು ಸರಿಪಡಿಸುವಾಗ, ಬೆಳಿಗ್ಗೆ ಒಲೆಯ ಮುಂದೆ, ಫೋನ್ ತೆರೆದಾಗಲೆಲ್ಲ ಅದು ಉರಿಯುತ್ತಿತ್ತು. ಮಗ್ಗದ ಸದ್ದಿನೊಳಗಿನಿಂದಲೇ ‘ಮೇಲಿನದಕ್ಕೇ ತಾನೇ?’ ಎಂದು ಕೇಳಿದಂತಾಗುತ್ತಿತ್ತು. ಎಷ್ಟೋ ಸಲ ಮಗ್ಗ ನಿಲ್ಲಿಸಿ ಕಿವಿಗೊಟ್ಟಿದ್ದೇನೆ.

ಹದಿನಾರನೆಯ ದಿನದ ಕಾರ್ಯ ಕಳೆದ ಮೇಲೆ ಸೂಲೂರಿಗೆ ಹೋದೆ. ಅವರ ಮನೆಯಲ್ಲಿ ಫೋಟೋದ ಮುಂದೆ ದೀಪ, ದೀಪದ ಪಕ್ಕದಲ್ಲಿ ಚಾರ್ಜಿಗೆ ಹಾಕಿದ ಅವರ ಫೋನು. ನಾನು ಕುಳಿತ ಸ್ವಲ್ಪ ಹೊತ್ತಿನಲ್ಲೇ ಅದು ಟಿಂಗ್ ಎಂದಿತು.

“ಆಫ್ ಮಾಡೋಕೆ ಮನಸ್ಸು ಬರ್ಲಿಲ್ಲಮ್ಮಣಿ,” ಎಂದರು ಅವರ ಪತ್ನಿ. “ಇನ್ನೂ ಕೇಳ್ತಾನೇ ಇದಾರೆ ಜನ. ಇದೇನು ಅಂತ ಓದಿ ಹೇಳು. ನನಗೆ ಎಳುತ್ತು, ಅಕ್ಷರ ಬರಲ್ಲ.”

ಓದಿದೆ. ನನ್ನದೇ ಮಾದರಿಯ ಬೋರ್ಡು ಕೊಂಡವರೊಬ್ಬರು ಕೇಳಿದ್ದರು: ‘ಅಣ್ಣಾ, ನಿಮ್ಮ ಹಳೆಯ ಉತ್ತರದಂತೆ ಮೇಲಿನ ಸಾಕೆಟ್ಟಿಗೆ ಹಾಕಲೇ?’ ಅಣ್ಣನವರು ಇಲ್ಲವೆಂಬುದು ಅವರಿಗೆ ಗೊತ್ತಿರಲಿಲ್ಲ.

ಅಲ್ಲಿಯೇ, ಆ ಫೋಟೋದ ಎದುರಿಗೆ, ಅತ್ತಿಗೆಯವರಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ದೀಪದ ಬತ್ತಿಯನ್ನು ಮುಂದಕ್ಕೆ ತಳ್ಳಿದರು.

“ಆವತ್ತೇ ಹೇಳಿದ್ರೆ ನಗ್ತಿದ್ರು. ತಪ್ಪು ಸಿಕ್ಕಿದ ದಿನ ಅವರಿಗೆ ಖುಷಿಗೆ ಒಂದ್ ಕಾಫಿ ಜಾಸ್ತಿ ಬೇಕು. ಪಲ್ಲಡದವರು ಬೈದ ಮೇಲೆ ಮೂರು ದಿನ ಆ ಕ್ಯಾಲೆಂಡರ್ ಹಾಳೆನೇ ನೋಡ್ತಾ ಕೂತಿದ್ರು. ‘ನಾನ್ ಸರಿನೇ ಹೇಳಿದೀನಲ್ಲ, ಮತ್ತೆ ಹೇಗೆ ಸುಟ್ಟೋಯ್ತು’ ಅಂತ.” ನಂತರ ಹೇಳಿದರು, “ಕಾಯ್ತಿದಾರಲ್ಲ ಅವರು. ಬರಿ.”

ಅವರ ಫೋನನ್ನು ಮುಟ್ಟಲು ಮನಸ್ಸು ಒಪ್ಪಲಿಲ್ಲ. ಹೊರಗಿನ ತಿಣ್ಣೆಗೆ ಬಂದು ನನ್ನ ಫೋನಿನಿಂದ ಆ ಪ್ರಶ್ನೆಯ ಕೆಳಗೆ ಬರೆದೆ: ಹೊಸ ಮಾದರಿಗೆ ಕೆಳಗಿನ ಸಾಕೆಟ್ಟು; ಮೇಲಿನದಕ್ಕೆ ಹಾಕಿದಾಗ ನನ್ನ ಫ್ಯೂಸ್ ಹೋಗಿತ್ತು; ಸರಿಯಾಯಿತೆಂದು ಅಣ್ಣನವರಿಗೆ ಸುಳ್ಳು ಹೇಳಿದವಳು ನಾನು. ಕಳುಹಿಸಿದ ಮರುಕ್ಷಣ ಒಳಗೆ ದೀಪದ ಪಕ್ಕದಲ್ಲಿ ಟಿಂಗ್ ಎಂದಿತು.

“ಯಾರಮ್ಮಣಿ?” ಅತ್ತಿಗೆಯವರು ಒಳಗಿನಿಂದಲೇ ಕೇಳಿದರು.

“ನಾನೇ ಅತ್ತಿಗೆ.”

ಹಳೆಯ ಉತ್ತರದ ಹಸಿರು ಗುರುತನ್ನು ನಾನೇ ತೆಗೆದೆ. ಕೇಳಿದವರ ಬೋರ್ಡು ಉಳಿಯಿತು. ಪಲ್ಲಡದವರು ‘ಇದನ್ನು ಹೇಳೋಕೆ ಇಷ್ಟು ದಿನವಾ?’ ಎಂದಷ್ಟೇ ಬರೆದರು. ಅಣ್ಣನವರ ಹೆಸರಿನ ಪಕ್ಕದ ಚುಕ್ಕೆ ಈಗಲೂ ಉರಿಯುತ್ತಿದೆ. ನಾನು ಈಗಲೂ ಮಗ್ಗ ನಿಲ್ಲಿಸಿ ಕಿವಿಗೊಡುತ್ತೇನೆ.

ಕೊನೆಯದಾಗಿ ವಿನಂತಿ. ಈ ಬರಹದಲ್ಲಿ ತಪ್ಪುಗಳಿರುವುದು ಖಂಡಿತ. ಕಂಡಲ್ಲೆಲ್ಲ ದಯಮಾಡಿ ತಿದ್ದಿ, ನನಗೂ ತಿಳಿಸತಕ್ಕದ್ದು. ಹೆಂಗಸು ಮೊದಲ ಸಲ ಬರೆದಿದ್ದಾಳೆ, ನೊಂದುಕೊಂಡಾಳು ಎಂದು ‘ಎಲ್ಲವೂ ಸರಿಯಾಗಿದೆ’ ಎಂದು ಮಾತ್ರ ಬರೆಯಬೇಡಿ.